ಹೊಸ್ತಿಲಿಲ್ಲದ ಹಡಗು

ಹಡಗಿನಲ್ಲಿ ಅಪ್ಪ ಕಾಣೆಯಾದದ್ದು ಬೆಳಿಗ್ಗೆ ಎಂದು ಅವ್ವ ಹೇಳುತ್ತಾಳೆ. ನನ್ನ ನೆನಪಿನಲ್ಲಿ ಅದು ಸಂಜೆ. ಕಾರಿಡಾರಿನ ಕೊನೆಯ ದುಂಡು ಕಿಟಕಿಯಲ್ಲಿ ಕಿತ್ತಳೆ ಬೆಳಕಿತ್ತು. ಆದರೆ ನಾನೇ ತೆಗೆದ ಫೋಟೊಗಳಲ್ಲಿ ಆ ಕಾರಿಡಾರಿಗೆ ಕಿಟಕಿಯೇ ಇಲ್ಲ. ಆದ್ದರಿಂದ ಸಂಜೆಯನ್ನು ಬಿಟ್ಟುಕೊಡುತ್ತೇನೆ. ಉಳಿಯುವುದು ಇಷ್ಟು: ಮುಂಬಯಿಯಿಂದ ಹೊರಟ ಹಡಗು, ಅದರಲ್ಲಿ ನಾವು ಮೂವರು, ಎರಡೂ ಕಡೆ ಒಂದೇ ಥರದ ಬಾಗಿಲುಗಳು, ಚಹಾ ಕುಡಿದು ಬರುತ್ತೇನೆಂದು ಹೋಗಿ ಮರಳದ ಅಪ್ಪ.

ಸಿಕ್ಕಿದ್ದು ಮೇಲಿನ ಅಂತಸ್ತಿನಲ್ಲಿ, ಸರಿಯಾಗಿ ನಮ್ಮ ಕೋಣೆಯ ನೆತ್ತಿಯ ಮೇಲಿದ್ದ ಕೋಣೆಯಲ್ಲಿ. ಯಾರೋ ಗುಜರಾತಿ ದಂಪತಿಯ ಹಾಸಿಗೆಯ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದ. ನಮ್ಮನ್ನು ಕಂಡು, “ಚಲೋ ಮಂದಿ ಇವರು, ನೀವೂ ಕುಂದರ್ರಿ” ಎಂದ. ಆಗ ನಾವು ನಕ್ಕೆವು. ಆ ಮರೆವಿಗೊಂದು ಹೆಸರಿದೆಯೆಂದು ಬೆಳಗಾವಿಯ ವೈದ್ಯರು ಹೇಳಿದ್ದು ಆಮೇಲೆ. ನಕ್ಕಿದ್ದು ಖಂಡಿತ ನಿಜ. ಅವ್ವ ನಗಲಿಲ್ಲ ಎನ್ನುವುದು ಈಗ ಹೊಳೆಯುತ್ತಿದೆ. ಇದು ನೆನಪೋ, ಆಮೇಲೆ ಸೇರಿಸಿಕೊಂಡದ್ದೋ, ಹೇಳಲಾರೆ.

ಇಷ್ಟಾದರೂ ಅವ್ವನಿಗೆ ಅಪ್ಪನನ್ನು ಮತ್ತೊಮ್ಮೆ ಹಡಗಿಗೆ ಕರೆದೊಯ್ಯಬೇಕಿತ್ತು. ವಡಗಾವಿಯ ನಮ್ಮ ಮನೆಯಲ್ಲಿ ಅಪ್ಪ ರಾತ್ರಿಯಲ್ಲಿ ಏಳೆಂಟು ಸಲ ಎದ್ದು ಕೂರುತ್ತಾನೆ. ಹಡಗಿನಲ್ಲಿ ಮಗುವಿನ ಹಾಗೆ ಮಲಗಿದ್ದ. ಅವ್ವನ ವಾದ ಅಷ್ಟೇ. ನಾನೂ ವಿಮಾನ ನಿಲ್ದಾಣದ ಹತ್ತಿರ ಸಾಂಬ್ರಾದಲ್ಲಿರುವ ಅಕ್ಕನೂ ಆಗುವುದಿಲ್ಲ ಎಂದಿದ್ದೆವು. ದೊಡ್ಡ ನೀರಿನ ನಡುವೆ ಮತ್ತೆ ಕಳೆದುಹೋದರೆ ಎಂಬ ಮಾತನ್ನು ಇಬ್ಬರೂ ಪೂರ್ತಿ ಆಡಿರಲಿಲ್ಲ.

ಅಷ್ಟರಲ್ಲಿ ಟೂರು ಮಾಡಿಸಿದವರಿಂದ ಒಂದು ಸಭೆಗೆ ಕರೆ ಬಂತು. ಹಿಂದಿನ ಸಲ ಬಂದವರಲ್ಲಿ ಹೆಚ್ಚಿನವರು ಖಾನಾಪುರದವರು, ಆದ್ದರಿಂದ ಸಭೆಯನ್ನು ಅಲ್ಲಿಯೇ, ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಮಾಳಿಗೆಯ ಮೇಲೆ ಇಟ್ಟುಕೊಂಡಿದ್ದರು. ನಾವು ಮೂವರು, ಹಿಂದಿನ ಸಲ ಅದೇ ಹಡಗಿಗೆ ಬಂದಿದ್ದ ಪಕ್ಕದ ಮನೆಯ ಖಾಲಾ, ಒಂದೇ ಬಸ್ಸಿನಲ್ಲಿ ಹೋದೆವು.

“ಹೊಸಾ ಹಡಗ ಬರಾಕತ್ತೈತ್ರಿ. ಹಿಂದಿಂದಕ್ಕಿಂತ ಭಾಳ ದೊಡ್ಡದು,” ಎಂದು ಟೂರಿನವರು ಗೋಡೆಯ ಟಿವಿಯಲ್ಲಿ ಚಿತ್ರ ತೋರಿಸಿದರು. ಜಾರುಬಂಡಿ, ನಾಟಕಶಾಲೆ, ಹಡಗಿನೊಳಗೇ ಒಂದು ತೋಟ. “ಹೋಗಿ ಬಂದ ಮಂದಿಗೆ ಇನ್ನೂ ಏನ್ ಬೇಕು ಕೇಳ್ರಿ ಅಂದಾರ ಕಂಪನ್ಯಾವ್ರು. ಸಂಕೋಚ ಮಾಡಬ್ಯಾಡ್ರಿ.”

ಸಂಕೋಚ ಯಾರಿಗೂ ಇರಲಿಲ್ಲ.

“ಮದಲ ಸೀರಿ ಒಣಗಸಾಕ ಒಂದ್ ಹಗ್ಗ ಕಟ್ರಿ,” ಎಂದರು ಮುಂದಿನ ಸಾಲಿನ ಒಬ್ಬ ಹೆಂಗಸು. “ಅಷ್ಟ್ ಗಾಳಿ, ಅಷ್ಟ್ ಬಿಸಲು, ಎಲ್ಲಾ ದಂಡ ಹೋತು.”

ಅವರ ಗಂಡನಿಗೆ ಬೇಕಾದದ್ದು ಕಟ್ಟೆ. “ಕುರ್ಚಿ ಮ್ಯಾಲ ಒಬ್ಬೊಬ್ರ ಒಂದೊಂದ್ ಕಡೆ ಮಾರಿ ಮಾಡಿ ಕುಂಡ್ರತಾರ. ಮಾತಾಡಾಕ ಕಟ್ಟಿ ಬೇಕ್ರಿ.”

“ಕಟ್ಟಿ ಮ್ಯಾಲ ಕುಂತು ಯಾರ ಜೋಡಿ ಮಾತಾಡಾವ್ರು? ಮೀನಿನ ಜೋಡಿ?” ಎಂದರು ಹೆಂಡತಿ.

“ಮೀನ ಆದ್ರ ತಿರುಗಿ ಮಾತಾಡೂದಿಲ್ಲ.”

ನಗು ಇಳಿದ ಮೇಲೆ ಖಾಲಾ ಸೆರಗು ಸರಿಮಾಡಿಕೊಂಡು ಎದ್ದರು. “ನಾ ನಮಾಜಿಗೆ ನಿಂತೆ ಅಂದ್ರ ಜಹಾಜ ತಿರಗತೈತಿ. ಯಾವ ಕಡೆ ಮಾರಿ ಮಾಡೂದು ತಿಳೀವಲ್ದು. ಜಹಾಜ ತಿರಗಿದಂಗ ತಿರಗೂ ಒಂದು ಬಾಣ ಹಚ್ರಿ ಗ್ವಾಡಿಗೆ.” ಟೂರಿನವರಿಗೆ ಇದು ಬಹಳ ಹಿಡಿಸಿತು.

ಆಮೇಲೆ ಅವ್ವ, ಕೂತಲ್ಲಿಂದಲೇ: “ಬಾಗಲಿಗೊಂದು ಹೊಸ್ತಲಾ ಕೂಡಸ್ರಿ.”

ನನಗೆ ಹಿಂದಿನದು ನೆನಪಾಯಿತು. ಅವ್ವ ದಿನವೂ ಮಿಂದ ಕೂಡಲೇ ಹೊಸ್ತಿಲಿಗೆ ವಿಭೂತಿ ಎಳೆದು ಕುಂಕುಮ ಇಡುವವಳು. ಹಡಗಿನ ಕೋಣೆಯ ಬಾಗಿಲಡಿಯಲ್ಲಿ ಬರೀ ಕಾರ್ಪೆಟ್ಟಿತ್ತು. ಬಚ್ಚಲಿನ ನೀರು ಹೊರಗೆ ಬರದಿರಲೆಂದು ಅದರ ಬಾಗಿಲಿಗೆ ಮಾತ್ರ ಒಂದು ಎತ್ತರದ ಪಟ್ಟಿ ಇತ್ತು. ಅದೇ ಹೊಸ್ತಿಲೆಂದು ತಿಳಿದು ಅದಕ್ಕೇ ಪೂಜೆ ಮಾಡಿದಳು. ಅಷ್ಟೂ ದಿನ ನಾವು ಬಚ್ಚಲಿಗೆ ಕೈಮುಗಿದೇ ಹೋದೆವು.

“ಹೊಸ್ತಲಾ ಹಚ್ಚಿದ್ರ ಮಂದಿ ಎಡವತಾರ್ರೀ ಅಕ್ಕಾರ,” ಎಂದರು ಟೂರಿನವರು.

“ಎಡವಲಿ. ಎಡವಿದ್ರ ಮನಿ ಬಂತು ಅಂತ ಗೊತ್ತಾಗತೈತಿ.” ಅವ್ವನ ದನಿ ಏರಲಿಲ್ಲ. “ನಮ್ಮವರ ತಲಿಗಿ ಈಗ ನೆನಪ ಕಡಿಮಿ. ಕಾಲಿಗಿ ಐತಿ. ಮನ್ಯಾಗ ಕತ್ತಲಾದ್ರೂ ಹೊಸ್ತಲಾ ಬಂದಲ್ಲೆ ಕಾಲ ಎತ್ತತಾರ. ನಿಮ್ಮ ಹಡಗದಾಗ ಒಳಗ ಯಾವುದು, ಹೊರಗ ಯಾವುದು, ಕಾಲಿಗಿ ಹೆಂಗ ತಿಳೀಬೇಕು?”

ಯಾರೂ ನಗಲಿಲ್ಲ. ನನಗೆ ಮುಜುಗರವಾಗಿ, “ನಾವು ಬರಾವ್ರಲ್ರಿ. ಸುಮ್ಮನ ಹೇಳಾಕ ಬಂದೀವಿ” ಎಂದೆ. ಅವ್ವ ನನ್ನ ಕಡೆ ನೋಡಲಿಲ್ಲ. ಟಿವಿಯ ಕಡೆ ನೋಡಿದಳು. ಅಲ್ಲಿ ಹಡಗಿನ ಅಂತಸ್ತುಗಳು ಒಂದರ ಮೇಲೊಂದು ಏರುತ್ತಿದ್ದವು.

ಟೂರಿನವರು ಮಾತು ತಿರುಗಿಸಲೋ ಏನೋ, ಅಪ್ಪನನ್ನು ಕೇಳಿದರು. “ಅಜ್ಜಾರ, ನಿಮಗೇನ್ ಬೇಕ್ರಿ?”

ಅಪ್ಪ ಬಹಳ ಹೊತ್ತು ಚಿತ್ರ ನೋಡಿದ. “ಎಲ್ಲೆಲ್ಲಿ ನಿಲ್ಲತೈತಿ ಇದು?”

“ಎಲ್ಲೂ ನಿಲ್ಲೂದಿಲ್ರಿ. ಸಮುದ್ರದಾಗ ಒಂದು ಸುತ್ತ ಹೊಡದು, ಹತ್ತಿದ ಜಾಗಾದಾಗ ತಂದು ಇಳಸತೈತಿ.”

“ನಡಬರಕ ಯಾರೂ ಇಳಿಯೂದಿಲ್ಲ?”

“ಇಲ್ರಿ.”

“ಹಂಗಾರ ತಪ್ಪಸ್ಕೊಳ್ಳೂದು ಹೆಂಗ?”

ನೌಕರಿಯ ಕೊನೆಯ ವರ್ಷಗಳಲ್ಲಿ ಅಪ್ಪ ಇದೇ ಊರಿನ ಸ್ಟ್ಯಾಂಡಿನಲ್ಲಿ ಬಸ್ಸುಗಳನ್ನು ಹೊರಡಿಸುವ ಕಂಟ್ರೋಲರ್ ಆಗಿದ್ದ. ತಪ್ಪಿಸಿಕೊಳ್ಳುವುದೆಂದರೆ, ಅಂದರೆ ಕಳೆದುಹೋಗುವುದೆಂದರೆ, ಅವನ ಪ್ರಕಾರ ಬೇರೆ ಬಸ್ಸು ಹತ್ತುವುದು, ಇಲ್ಲವೇ ಬೇರೆ ಊರಲ್ಲಿ ಇಳಿಯುವುದು. ಕೋಣೆ ತಪ್ಪಿದರೆ ಅದು ಬರೀ ಸೀಟು ತಪ್ಪಿದ ಹಾಗೆ. ಈ ಮಾತನ್ನು ಅವನು ನನ್ನ ಕಡೆ ತಿರುಗಿ, ನನ್ನ ಭಯಕ್ಕೆ ಉತ್ತರವೆಂದು ಹೇಳಿದ ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗಾಗಲಿಲ್ಲ. ಹೇಳಿದ್ದು ಟಿವಿಗೆ. ಮರುಕ್ಷಣ ಚಹಾ ಯಾವಾಗ ಬರುತ್ತದೆ ಎಂದು ಕೇಳಿದ.

ಸಭೆ ಮುಗಿದ ಮೇಲೆ ಮೆಟ್ಟಿಲ ಕೆಳಗೆ ನಿಂತು ಅಕ್ಕನಿಗೆ ಫೋನು ಮಾಡಿದೆ. ಎಲ್ಲ ಕೇಳಿ, “ಸಣ್ಣ ಹಡಗದಾಗ ಕಳದಾವ್ರನ್ನ ದೊಡ್ಡ ಹಡಗದಾಗ ಒಯ್ಯಾವೇನು ನೀ? ಶ್ಯಾಣ್ಯಾ ಅದಿ” ಎಂದಳು.

ಅಪ್ಪ ಹೇಳಿದ್ದನ್ನು ಹೇಳಿದೆ. ನನ್ನ ಬಾಯಲ್ಲಿ ಅದು ಚೇಷ್ಟೆಯಂತೆ ಕೇಳಿಸಿತು. ಅವಳ ಮನೆಯ ಮೇಲೆ ವಿಮಾನವೊಂದು ಇಳಿಯುವ ಸದ್ದು ಫೋನಿನಲ್ಲಿ ತುಂಬಿಕೊಂಡು, ಕಡಿಮೆಯಾಯಿತು.

“ಅವ್ವ ಏನಂತಾಳ?”

“ಏನೂ ಅನ್ನವಲ್ಲಳು.”

“ಹಂಗಾರ ಆಕಿ ಹೋಗೂದು ಖರೇ.” ಮತ್ತೆ ಕೇಳಿದಳು, “ಅವ್ವ ಮಲಗಿದಾಗ ಅಪ್ಪನ್ನ ನೀ ನೋಡ್ತಿ. ನೀ ಮಲಗಿದಾಗ?”

ನಾನು ರಸ್ತೆಯ ಕಡೆ ನೋಡಿದೆ. ಅಪ್ಪ ಅವ್ವ ಆಗಲೇ ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದರು. ಖಾಲಾ ಮುಂದೆ, ಅವ್ವನ ಕೈ ಅಪ್ಪನ ಮೊಣಕೈಯಲ್ಲಿ.

“ನಾಲ್ಕನೇ ಹಾಸಿಗಿ ಹಾಕತಾರೇನು ಆ ರೂಮಿನ್ಯಾಗ, ಕೇಳು,” ಎಂದಳು ಅಕ್ಕ. “ನಾ ಬರ್ತೀನಿ ಅಂತ ಅಲ್ಲ. ಕೇಳಷ್ಟ.”

ಅವಳು ಫೋನು ಇಡಲಿಲ್ಲ. ನಾನು ಅದನ್ನು ಕಿವಿಗೆ ಹಿಡಿದುಕೊಂಡೇ ಮತ್ತೆ ಮೆಟ್ಟಿಲು ಹತ್ತಿದೆ.