ಏಳು ಪದರದ ಉಪ್ಪಿನಕಾಯಿ

ಬೆಳಿಗ್ಗೆ ಕಿಟಕಿ ತೆರೆದೆ ನೋಡಿ, ಗಲ್ಲಿಯ ಯಾವುದೋ ಮನೆಯಲ್ಲಿ ಸಾಸಿವೆ ಎಣ್ಣೆ ಕಾಯಿಸುತ್ತಿದ್ದರು. ಕಾಶಿಯಲ್ಲಿ ಇಷ್ಟು ವರ್ಷ ಕಳೆದರೂ ಆ ಘಾಟಿಗೆ ನಮ್ಮ ಮೂಗು ಒಗ್ಗಿಲ್ಲ. ಒಂದು ಸೀನು ಬಂತು. ಸೀನಿನ ಬೆನ್ನಿಗೇ ನನಗೆ ನೌಕರಿ ಸಿಕ್ಕಿದ ಕಥೆ ನೆನಪಾಯಿತು.

ಆಗ ಇಲ್ಲಿಯ ಲಂಕಾ ಬಡಾವಣೆಯ ಒಂದು ಕೋಚಿಂಗ್ ಸೆಂಟರಿಗೆ ಕಂಪ್ಯೂಟರ್ ಮೇಷ್ಟ್ರು ಬೇಕಾಗಿದ್ದರು. ಯಜಮಾನರು, "ನಾಳೆ ನೆಟ್‌ವರ್ಕಿನ ಏಳು ಲೇಯರ್ ಪಾಠ ಮಾಡಿ ತೋರಿಸಿ. ಮಕ್ಕಳು ಎದ್ದು ಹೋದರೆ ನೀವೂ ಹೊರಡಬಹುದು, ಗುರು" ಎಂದರು. ಬನಾರಸಿನಲ್ಲಿ ಎಲ್ಲರೂ ಗುರುಗಳೇ. ಕೆಲಸವಿಲ್ಲದವರು ಸ್ವಲ್ಪ ಹೆಚ್ಚು.

ಕೇದಾರ ಘಾಟಿನ ನಮ್ಮ ಮನೆಯಲ್ಲಿ ಕೂತು "ಫಿಸಿಕಲ್, ಡೇಟಾ ಲಿಂಕ್, ನೆಟ್‌ವರ್ಕ್..." ಎಂದು ಉರು ಹೊಡೆದೆ. ಹೆಸರು ಬಂದವು, ಅರ್ಥ ಬರಲಿಲ್ಲ. ಒಂದು ಕಂಪ್ಯೂಟರಿನ ಮಾತು ಇನ್ನೊಂದಕ್ಕೆ ಮುಟ್ಟಲು ಏಳು ಪದರ ಯಾಕಪ್ಪಾ?

"ಅದ್ಯಾವ ದೇವರ ಸ್ತೋತ್ರವೋ? ಫಲ ಏನು?" ಎಂದಳು ಅಜ್ಜಿ.

"ನೌಕರಿ, ಅಜ್ಜಿ."

"ಹಂಗಾದ್ರೆ ಸ್ನಾನ ಮಾಡ್ಕೊಂಡು ಹೇಳು."

ಅಷ್ಟು ಹೇಳಿ ಚಿಕ್ಕಮ್ಮನ ಕಡೆ ತಿರುಗಿದಳು. "ಏನೇ, ಆ ಸಾಸಿವೆ ಎಣ್ಣೆ ಉಪ್ಪಿನಕಾಯಿ ನಂಗೆ ಸೇರೋಲ್ಲ, ಇನ್ ಕಳಿಸ್ಬೇಡಿ ಅಂತ ಎದುರುಮನೆಯಾಕೆಗೆ ತಿಳಿಸು."

ಎದುರುಮನೆಯ ದಾದೀಜಿಗೆ ಭೋಜಪುರಿ ಬಿಟ್ಟರೆ ಬೇರೆ ಬಾರದು, ಅಜ್ಜಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ಆದ್ದರಿಂದ ಅಜ್ಜಿಯ ಮಾತನ್ನು ಚಿಕ್ಕಮ್ಮ ಹಿಂದಿಗೆ ತಿರುಗಿಸಿ, ಮುಂದೊಂದು ಪ್ರಣಾಮ, ಹಿಂದೊಂದು ಕ್ಷೇಮ ಸೇರಿಸಿ ಚೀಟಿ ಬರೆಯುವಳು. ನಾನು ಅದನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಬುಟ್ಟಿಗಿಟ್ಟು, ಎರಡು ಕಿಟಕಿಗಳ ನಡುವಿನ ರಾಟೆಯ ಹಗ್ಗ ಎಳೆಯುವೆ. ಆಚೆ ಅವರ ಮೊಮ್ಮಗಳು ಡಬ್ಬಿ ಬಿಚ್ಚುವಳು, ಸೊಸೆ ಪ್ರಣಾಮವನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ದಾದೀಜಿಗೆ ಭೋಜಪುರಿಯಲ್ಲಿ ಹೇಳುವಳು. ಇಷ್ಟೆಲ್ಲ ಆದ ಮೇಲೂ ಅಜ್ಜಿಯ ಲೆಕ್ಕದಲ್ಲಿ, "ನಾನು ಅವಳ ಹತ್ರ ಮಾತಾಡ್ದೆ!"

ಅಂದು ಹಗ್ಗ ಎಳೆಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಹಗ್ಗಕ್ಕೆ ಉಪ್ಪಿನಕಾಯಿಯ ಸುದ್ದಿ ಬೇಡ, ಅಜ್ಜಿಗೆ ಹಗ್ಗದ ಸುದ್ದಿ ಬೇಡ. ಈಚೆ ಚಿಕ್ಕಮ್ಮ ಸುತ್ತಿದ್ದನ್ನು ಆಚೆ ಸೊಸೆ ಬಿಚ್ಚುತ್ತಾಳೆ, ನಾನು ಮುಚ್ಚಿದ್ದನ್ನು ಮೊಮ್ಮಗಳು. ಪ್ರತಿ ಪದರವೂ ತನ್ನ ಜೋಡಿಯೊಡನೆ ಮಾತಾಡುತ್ತದೆ. ಒಳಗಿನ ಸರಕನ್ನು ಮಾತ್ರ ಮುಟ್ಟುವಂತಿಲ್ಲ.

ಆದರೆ ಚಿಕ್ಕಮ್ಮ ಮುಟ್ಟಿದ್ದಳು! ಚೀಟಿಯಲ್ಲಿ "ಉಪ್ಪಿನಕಾಯಿ ಅಮೃತ" ಎಂದಿತ್ತು.

"ಮುಖಕ್ಕೆ ಹೊಡೆದ ಹಾಗೆ ಹೇಳಕ್ಕಾಗುತ್ತೇನೋ?" ಎಂದಳು. ಸಂಜೆಗೆ ಎದುರಿನಿಂದ ದೊಡ್ಡ ಭರಣಿಯೇ ಬಂತು.

ಮರುದಿನ ತರಗತಿಯಲ್ಲಿ ಇದನ್ನೇ ಹೇಳಿದೆ. ಒಬ್ಬರೂ ಏಳಲಿಲ್ಲ. ಕೊನೆಗೆ ಒಬ್ಬಳು ಹುಡುಗಿ, "ಸರ್, ಅಚಾರ್ ಕಾ ಕ್ಯಾ ಹುವಾ?" ಎಂದಳು. ಬಾಗಿಲಲ್ಲಿ ನಿಂತಿದ್ದ ಯಜಮಾನರದೂ ಅದೇ ಪ್ರಶ್ನೆ, ಉಪ್ಪಿನಕಾಯಿ ಏನಾಯಿತು? "ನಾಳೆ ಅಚಾರ್ ಮುಗಿಸಿ, ಆಮೇಲೆ ನೌಕರಿಯ ಮಾತು."

ಓಡಿ ಮನೆಗೆ ಬಂದೆ. "ಚಿಕ್ಕಮ್ಮ, ಇವತ್ತು ಅಜ್ಜಿ ಹೇಳಿದ್ದನ್ನ ಹಾಗೇ ಬರಿ. ನನ್ನ ಅನ್ನದ ಪ್ರಶ್ನೆ!" ಅವಳು ಕಣ್ಣು ಮುಚ್ಚಿಕೊಂಡೇ ಬರೆದಳು. ಬುಟ್ಟಿ ಹೋಯಿತು. ಎದುರು ಕಿಟಕಿಯಲ್ಲಿ ಗುಸುಗುಸು. ಆಮೇಲೆ ದಾದೀಜಿಯೇ ಕಾಣಿಸಿಕೊಂಡು, "ತೋಹಾರ್ ಗುಡ್ ವಾಲೀ ದಾಲ್ ತ ಹಮಾರ್ ಗಯ್ಯಾ ಖಾಲೇ!" ಎಂದು ಕೂಗಿದಳು. ಅಜ್ಜಿ ಇಷ್ಟು ದಿನ ಅಕ್ಕರೆಯಿಂದ ಕಳಿಸಿದ ಬೆಲ್ಲದ ಹುಳಿಯನ್ನೆಲ್ಲ ತಿಂದದ್ದು ಅವರ ಹಸು! ಅಲ್ಲಿನ ಸೊಸೆಯೂ ಉತ್ತರದ ಚೀಟಿಯಲ್ಲಿ "ಅಮೃತ" ಎಂದೇ ಬರೆಯುತ್ತಿದ್ದಳು. ಅರ್ಥ ತಿಳಿದ ಅಜ್ಜಿ ನಕ್ಕು ನಕ್ಕು ಕಂಬ ಹಿಡಿದು ಕೂತಳು. ಆಚೆ ದಾದೀಜಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ಮರುದಿನ ಅಚಾರ್ ಮುಗಿಯಿತು, ನೌಕರಿ ಸಿಕ್ಕಿತು. ಈಗ ಹಗ್ಗದ ಮೇಲೆ ಬರೀ ಮಾತು ಓಡಾಡುತ್ತದೆ, ತಿಂಡಿಯಿಲ್ಲ. ಇವತ್ತೂ ಅದೇ ಪಾಠಕ್ಕೆ ಹೊರಟಿದ್ದೇನೆ. ಆ ಹಸು ಮಾತ್ರ ನನ್ನ ಚೀಲ ಮೂಸುತ್ತ ಸೋನಾರ್‌ಪುರದ ರಸ್ತೆಯವರೆಗೂ ಹಿಂದೆಯೇ ಬಂತು. ನನಗೆ ನೌಕರಿ ಸಿಕ್ಕಿದ ದಿನವೇ ಅದರದು ಹೋಯಿತಲ್ಲ! ತಿರುಗಿ ನೋಡುವ ಧೈರ್ಯವಾಗದೆ ಇ-ರಿಕ್ಷಾ ಹತ್ತಿ ಕೂತೆ.