ಕೆಂಚನ ವಿಮಾನದ ಪೆಟ್ಟಿಗೆ

ಕಟ್ಟಾಯದ ದ್ಯಾವಯ್ಯ ಹಾಸನದ ಇಂಜಿನಿಯರ್ ಬಂಗಲೆಯಲ್ಲಿ ತೋಟ ನೋಡಿಕೊಳ್ಳುತ್ತಿದ್ದ. ತೋಟಕ್ಕಿಂತ ಅವನ ಜೀವವೆಲ್ಲ ಕೆಂಚನ ಮೇಲಿತ್ತು. ಊರಿಂದ ಕಂಬಳಿಯಲ್ಲಿ ಸುತ್ತಿ ಅವನೇ ತಂದ ನಾಯಿಮರಿ ಅದು. ಬೆಳೆದದ್ದು ಮಾತ್ರ ಬಂಗಲೆಯ ಅನ್ನದಲ್ಲಿ. ಹಾಗಾಗಿ ಯಜಮಾನಿ ಕಮಲಾಕ್ಷಮ್ಮನವರು ‘ನಮ್ಮ ಕೆಂಚ’ ಅನ್ನುತ್ತಿದ್ದರು.

೧೯೬೨ರಲ್ಲಿ ಸಾಹೇಬರಿಗೆ ದಿಲ್ಲಿಗೆ ವರ್ಗವಾಯಿತು. ಬೆಂಗಳೂರಿನಿಂದ ವಿಮಾನದಲ್ಲಿ ಪ್ರಯಾಣ. ಕೆಂಚನನ್ನು ನಾನೇ ಊರಿಗೆ ಕರೆದೊಯ್ಯುತ್ತೇನೆ ಎಂದು ದ್ಯಾವಯ್ಯ ಕೇಳಿಕೊಂಡ. ಅದನ್ನು ಬಿಟ್ಟರೆ ತಮಗೆ ಒಂದು ತುತ್ತೂ ಇಳಿಯುವುದಿಲ್ಲವೆಂದು ಅಮ್ಮನವರು ಕಣ್ಣೊರೆಸಿಕೊಂಡರು. ದೊಡ್ಡವರ ಮನೆಯಲ್ಲಿ ಕಣ್ಣೀರಿಗೇನು ಬರ? ಪಾಪ, ದ್ಯಾವಯ್ಯ ಕರಗಿಹೋದ.

ವಿಮಾನದವರ ಕಾನೂನು ಒಂದೆರಡಲ್ಲ. ನಾಯಿ ಮರದ ಪೆಟ್ಟಿಗೆಯಲ್ಲೇ ಬರಬೇಕು. ಅದರೊಳಗೆ ಎದ್ದು ನಿಂತು ತಿರುಗುವಷ್ಟು ಜಾಗವಿರಬೇಕು. ರೋಗವಿಲ್ಲವೆಂದು ದನದ ಡಾಕ್ಟರು ಚೀಟಿ ಬರೆದುಕೊಡಬೇಕು. ಒಂದು ಕುಟುಂಬಕ್ಕೆ ಒಂದೇ ಪ್ರಾಣಿ. ಗಲಾಟೆ ಮಾಡಿದರೆ ಹತ್ತಿಸುವುದೇ ಇಲ್ಲ. ಕೆಂಚನೋ, ಪೆಟ್ಟಿಗೆ ಕಂಡರೆ ಮಾರು ದೂರ ಹಾರುತ್ತಿತ್ತು. ದ್ಯಾವಯ್ಯ ತನ್ನ ಕಂಬಳಿಯನ್ನೇ ಒಳಗೆ ಹಾಸಿದ, ತನ್ನ ಮುದ್ದೆಯಲ್ಲಿ ಅರ್ಧ ಮುರಿದು ಅಲ್ಲೇ ಇಟ್ಟ, ಪಕ್ಕದಲ್ಲಿ ಕೂತು ಮಾತಾಡಿಸಿದ. ಕೊನೆಗೆ ಬಾಗಿಲು ತೆರೆದರೆ ಸಾಕು, ಕೆಂಚ ತಾನಾಗಿ ಒಳಗೆ ಹೋಗಿ ಮಲಗುವಷ್ಟು ಪಳಗಿತು.

ಹೊರಡುವ ಬೆಳಿಗ್ಗೆ ಅವನು ಅದರ ಕೊರಳ ಪಟ್ಟಿ ಬಿಚ್ಚಿಟ್ಟುಕೊಂಡ. ದನ ಮಾರಿದರೂ ಹಗ್ಗ ಕೊಡದ ಮನೆತನ ಅವನದು. ಹಗ್ಗದ ಜೊತೆ ಕೊಟ್ಟಿಗೆಯ ಭಾಗ್ಯವೂ ಹೋಗುತ್ತದೆಂಬ ನಂಬಿಕೆ. ನಾಯಿಗೂ ಅದೇ ಶಾಸ್ತ್ರ ಮಾಡಿದ. ಬೆಂಗಳೂರಿನಲ್ಲಿ ಹೊಸ ಪಟ್ಟಿ ಕೊಡಿಸುತ್ತೇವೆಂದು ಅಮ್ಮನವರು ನಕ್ಕರು.

ಆಮೇಲೆ ತಿಂಗಳುಗಟ್ಟಲೆ ಅವನ ಕಾಲು ನೆಲದ ಮೇಲಿರಲಿಲ್ಲ. ಕಟ್ಟಾಯದಿಂದ ವಿಮಾನ ಹತ್ತಿದವನು ಕೆಂಚನೊಬ್ಬನೇ ಎಂದು ಹೊಳೆನರಸೀಪುರದ ನೆಂಟರಿಗೆಲ್ಲ ಹೇಳಿಕೊಂಡು ಬಂದ.

ಗುಟ್ಟು ಬಿಚ್ಚಿದವನು ಸಾಹೇಬರ ಕಾರಿನ ಡ್ರೈವರ್ ಪಾಪಯ್ಯ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, ತಲೆ ತಗ್ಗಿಸಿಕೊಂಡೇ ಹೇಳಿದ. ಬೆಂಗಳೂರಿನ ತಂಗಿ ಮನೆಯಲ್ಲಿ ಅಮ್ಮನವರಿಗಾಗಿ ಬಿಳಿ ಜೂಲಿನ ಸೀಮೆನಾಯಿಯ ಮರಿಯೊಂದು ಕಾದಿತ್ತು. ಅದರ ಡಾಕ್ಟರ ಚೀಟಿಯೂ ಸಿದ್ಧವಿತ್ತು. ವಿಮಾನ ನಿಲ್ದಾಣದ ಗೇಟಿನ ಹತ್ತಿರ ಕೆಂಚನನ್ನು ಹೊರಗೆಳೆದು, ಅದೇ ಪೆಟ್ಟಿಗೆಯಲ್ಲಿ, ದ್ಯಾವಯ್ಯನ ಅದೇ ಕಂಬಳಿಯ ಮೇಲೆ ಮರಿಯನ್ನು ಕೂರಿಸಿದರು.

“ವಾಪಸ್ ಕರ್ಕೊಂಡ್ ಓಯ್ತೀನಿ ಅಂದೆ ಕಣ್ಲಾ. ಬ್ಯಾಡ, ಅವನಿಗೆ ಗೊತ್ತಾಗ್ಬಾರ್ದು, ಇಲ್ಲೇ ಬುಟ್ಬುಡು ಅಂದ್ರು.”

ದ್ಯಾವಯ್ಯ ಅವತ್ತೇ ಬೆಂಗಳೂರು ಬಸ್ಸು ಹತ್ತಿದ. ಚನ್ನರಾಯಪಟ್ಟಣ ದಾಟಿದರೂ ಅಮ್ಮನವರಿಗೆ ಹಾಕುತ್ತಿದ್ದ ಶಾಪ ಮುಗಿದಿರಲಿಲ್ಲ. ಬೇಡವಾಗಿದ್ದರೆ ತಾನು ಕೇಳಿದಾಗಲೇ ಕೊಡಬಹುದಿತ್ತಲ್ಲ ಎಂದು ದಾರಿಯುದ್ದಕ್ಕೂ ಗೊಣಗುತ್ತಿದ್ದ. ನಿಲ್ದಾಣದ ಗೇಟಿನೆದುರು ಟೀ ಮಾರುವ ಮಲ್ಲಿಗಮ್ಮನನ್ನು ವಿಚಾರಿಸಿದ. ಕೆಂಪು ನಾಯಿಯೊಂದು ಬಹಳ ದಿನ ಗೇಟು ಬಿಟ್ಟು ಕದಲಲಿಲ್ಲ ಎಂದಳು. ಆಮೇಲೆ ನಾಯಿ ಹಿಡಿಯುವವರ ಗಾಡಿ ಬಂತಂತೆ. ಕೊರಳಲ್ಲಿ ಪಟ್ಟಿಯಿದ್ದ ನಾಯಿಗಳನ್ನು ಬಿಟ್ಟು ಮಿಕ್ಕವನ್ನು ಕೊಲ್ಲಲು ಒಯ್ದರಂತೆ.

ದ್ಯಾವಯ್ಯ, ಬಹಳ ಒದ್ದಾಡಿತೇ ಎಂದಷ್ಟೇ ಕೇಳಿದ.

“ಇಲ್ಲ ಕಣಣ್ಣ. ಬೇರೆ ನಾಯೆಲ್ಲ ಓಡಿದ್ವು. ಇದು ಮಾತ್ರ, ಅವರು ಗಾಡೀಲಿದ್ದ ಮರದ್ ಪೆಟ್ಟಿಗೆ ಬಾಗ್ಲು ತೆಗೀತಿದ್ದಂಗೆ ತಾನೇ ಒಳೀಕ್ ಓಗಿ ಮನಿಕ್ಕಂತು.”