ಸಂಡೂರಿನ ಇಳಿಜಾರಿನಲ್ಲಿ ಹಿಡಿಯದ ಬ್ರೇಕು

ಬೆಳಿಗ್ಗೆ ಏಳಕ್ಕೆ ಹೊಸಪೇಟೆ ಬಿಟ್ಟೆ. ಸಂಜೆಯೊಳಗೆ ಬೈಕನ್ನು ಕಂಪ್ಲಿಯಲ್ಲಿರುವ ತಂಗಿ ಗಿರಿಜಾಳಿಗೆ ಒಪ್ಪಿಸಬೇಕಿತ್ತು. ಊರೂರು ತಿರುಗಿ ದನಕರುಗಳಿಗೆ ಲಸಿಕೆ ಹಾಕಿಸುವ ಕೆಲಸ ಅವಳಿಗೆ ಸಿಕ್ಕಿತ್ತು. ಎರಡು ದಿನ ಬಿಟ್ಟು ಒಬ್ಬಳೇ ಓಡಾಟ ಶುರು. ಸ್ಕೂಟಿ ಕೊಳ್ಳುತ್ತೇನೆಂದವಳಿಗೆ ಬೇಡವೆಂದು, ನನ್ನ ಬೈಕನ್ನೇ ಕೊಡುತ್ತೇನೆಂದಿದ್ದೆ. ಸಂಡೂರಿನ ಗಣಿ ಕಚೇರಿಗೆ ಹನ್ನೊಂದು ವರ್ಷ ಅದರಲ್ಲೇ ಹೋಗಿ ಬಂದವನು ನಾನು. ಚೈನು, ಬ್ರೇಕು, ಎಂಜಿನ್ ಆಯಿಲ್ ಎಲ್ಲವನ್ನೂ ನಾನೇ ನೋಡಿಕೊಂಡಿದ್ದೆ, ಒಂದು ದಿನವೂ ಗ್ಯಾರೇಜಿಗೆ ಬಿಟ್ಟಿರಲಿಲ್ಲ. ಈ ವಿಷಯದಲ್ಲಿ ನನಗೆ ಜಂಬವಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಹಿಂದಿನ ದಿನ ಅಂಗಳದಲ್ಲಿ ಕೂತು ಫೋರ್ಕಿನ ಎಣ್ಣೆ ಬದಲಾಯಿಸಿದ್ದೆ. ಫೋರ್ಕೆಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲು. ಒಳಗಿನ ಎಣ್ಣೆಯಿಂದಾಗಿ ಗುಂಡಿಯ ಪೆಟ್ಟು ಕೈಗೆ ಬರುವುದಿಲ್ಲ. ಕೆಳಗಿನ ಬೋಲ್ಟ್ ಬಿಚ್ಚಿದರೆ ಚರಂಡಿ ನೀರಿನಂಥದ್ದು ಇಳಿಯಿತು. ಕೆಮ್ಮಿನ ಔಷಧದ ಮುಚ್ಚಳದಲ್ಲಿ ಅಳೆದು ಒಂದೊಂದು ಕಾಲಿಗೂ ಹದಿನೇಳು ಮುಚ್ಚಳ ಹೊಸ ಎಣ್ಣೆ ಹಾಕಿದೆ. ಗುಡ್ಡದ ರಸ್ತೆಯಲ್ಲಿ ಒಮ್ಮೆ ಓಡಿಸಿದರೆ ಪರೀಕ್ಷೆಯೂ ಆಗುತ್ತದೆಂದು, ಕಂಪ್ಲಿಗೆ ನೇರ ಹೋಗದೆ ಮೊದಲು ಸಂಡೂರಿನ ದಾರಿ ಹಿಡಿದೆ.

ಸಂಡೂರಿಗೆ ಸುಮಾರು ಮೂವತ್ತು ಕಿಲೋಮೀಟರ್. ಅದಿರಿನ ಲಾರಿಗಳು ಸಾಲುಗಟ್ಟಿದ್ದವು. ಅದಿರಿನ ಧೂಳಿಗೆ ರಸ್ತೆಬದಿಯ ಎಲೆಗಳೂ ಕೆಂಪಾಗಿದ್ದವು. ಏರಿನಲ್ಲಿ ಬೈಕು ಚೆನ್ನಾಗಿಯೇ ಹೋಯಿತು. ಇಳಿಜಾರಿನಲ್ಲಿ ಮುಂದಿನ ಲಾರಿ ತಟ್ಟನೆ ನಿಂತಿತು. ಮುಂದಿನ ಬ್ರೇಕ್ ಒತ್ತಿದೆ, ಹಿಡಿಯಲಿಲ್ಲ. ಹಿಂದಿನದನ್ನು ತುಳಿದು ಹೇಗೋ ಪಕ್ಕಕ್ಕೆ ಸರಿದೆ. ಲಾರಿಗೂ ನನಗೂ ಒಂದು ಮೊಳ ಅಂತರ ಉಳಿದಿತ್ತು. ನನ್ನ ಜಾಗದಲ್ಲಿ ಗಿರಿಜಾ ಇದ್ದಿದ್ದರೆ ಎಂಬುದನ್ನು ಬಿಟ್ಟು ಬೇರೇನೂ ತಲೆಗೆ ಬರಲಿಲ್ಲ.

ನಿಧಾನವಾಗಿ ಸಂಡೂರು ಸೇರಿ ಹುಸೇನ್‌ಸಾಬ್ ಎಂಬ ಹಿರಿಯ ಮೆಕ್ಯಾನಿಕ್ ಮುಂದೆ ಬೈಕು ನಿಲ್ಲಿಸಿದೆ. ಅವರು ಫೋರ್ಕಿನ ಮೇಲೆ ಬೆರಳಾಡಿಸಿದರು.

"ಎಣ್ಣಿ ಸೋರಿ ಬ್ರೇಕಿನ ಡಿಸ್ಕ್ ಮ್ಯಾಲ ಬಿದ್ದೈತ್ರಿ. ಬ್ರೇಕ್ ಎಲ್ಲಿ ಹಿಡಿತೈತಿ? ಯಾರು ಹಾಕಿದ್ರು ಎಣ್ಣಿ?"

"ನಾನೇ."

"ಎಣ್ಣಿ ಸರಿ ಐತಿ. ಎಣ್ಣಿ ಹೊರಗ ಬರದಂಗ ತಡಿಯೋ ರಬ್ಬರ್ ಸೀಲ್ ನೋಡಿಲ್ಲ ನೀವು. ದಿನಾ ಫೋರ್ಕ್ ಒರೆಸ್ತೀರೇನು?"

ಒಂದು ದಿನವೂ ತಪ್ಪದೆ ಒಣಬಟ್ಟೆಯಿಂದ ಒರೆಸುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಅವರು ನಕ್ಕರು.

"ಭಾಳ ಚೊಲೋ ನೋಡ್ಕೊಂಡೀರಿ, ಅದಕ್ಕ ಹಾಳಾಗೈತಿ. ಇಲ್ಲಿ ಧೂಳು ಬರೇ ಮಣ್ಣಲ್ರೀ ಸರ, ಕಬ್ಬಿಣದ ಪುಡಿ. ನಾವು ಮೊದಲ ನೀರು ಹೊಡಿತೀವಿ, ಆಮ್ಯಾಲ ಬಟ್ಟಿ. ಒಣಾದು ಒರೆಸಿದ್ರ ಉಪ್ಪು ಕಾಗದ ತಿಕ್ಕಿದಂಗ."

ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಉಗುರು ಎಳೆಯಲು ಹೇಳಿದರು. ಕೂದಲೆಳೆಯಂಥ ಗೀರುಗಳು ತಾಗಿದವು. ಸೀಲನ್ನು ಹರಿದದ್ದು ಅವೇ. ಹನ್ನೊಂದು ವರ್ಷ ನಾನು ಮಾಡಿದ ಆರೈಕೆ ಅದು. ಅವರಿಗೆ ಗೀರು ನಯಮಾಡಿ, ಹೊಸ ಸೀಲು, ಹೊಸ ಬ್ರೇಕ್ ಪ್ಯಾಡು ಹಾಕಲು ಎರಡೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆ, ನಲವತ್ತು ರೂಪಾಯಿ.

ಹೊಸಪೇಟೆಗೆ ಮರಳಿ, ಹಂಪಿ ಮೇಲೆ ಹಾದು ಹೊರಟೆ. ಹಂಪಿ ಬಜಾರಿನಲ್ಲಿ ಎಳನೀರು ಕುಡಿದು ಕಲ್ಲು ಮಂಟಪದ ನೆರಳಲ್ಲಿ ಕೂತೆ. ಬೈಕೀಗ ಸರಿಯಾಗಿದೆ, ನಡೆದದ್ದನ್ನು ಗಿರಿಜಾಳಿಗೆ ಹೇಳುವುದೇಕೆ ಎಂದು ಅರ್ಧ ಗಂಟೆ ಯೋಚಿಸಿದೆ. ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಅವಳೂ ನಾನು ಕಲಿಸಿದಂತೆಯೇ ಒಣಬಟ್ಟೆಯಿಂದ ಒರೆಸುತ್ತಾಳೆ. ಎದ್ದು ಬೈಕು ಹತ್ತಿದೆ.

ಕಮಲಾಪುರ ದಾಟಿದ ಮೇಲೆ ಕಾಲುವೆ, ಬಾಳೆತೋಟ, ಭತ್ತದ ಗದ್ದೆ. ಮೂರೂವರೆಗೆ ಕಂಪ್ಲಿ. ಗಿರಿಜಾ ಬಾಗಿಲಲ್ಲೇ ಇದ್ದಳು. ನೀರನ್ನೂ ಕುಡಿಯದೆ ಎಲ್ಲವನ್ನೂ ಹೇಳಿಬಿಟ್ಟೆ.

"ಅಣ್ಣ, ಒಂದು ಹೇಳ್ತೀನಿ, ಸಿಟ್ಟಾಗಬ್ಯಾಡ. ನಾಳೆ ಇಲ್ಲಿ ಗ್ಯಾರೇಜಿಗೆ ಹೇಳಿಟ್ಟೀನಿ. ಪೂರಾ ಬಿಚ್ಚಿ ನೋಡ್ರಿ ಅಂತ."

"ಯಾವಾಗ ಹೇಳಿದಿ?"

"ನೀ ಗಾಡಿ ಕೊಡ್ತೀನಿ ಅಂದ ದಿನಾನ."

ನನಗೆ ನಿಜಕ್ಕೂ ನೋವಾಯಿತು. ಅವಳು ಬಗ್ಗಿ ಫೋರ್ಕ್ ನೋಡಿದಳು.

"ಈ ಸೀಲು, ಬ್ರೇಕು ನೀ ಹಾಕಿದ್ದೋ, ಅವರು ಹಾಕಿದ್ದೋ?"

"ಅವರು."

"ಹಂಗಾದ್ರ ಗ್ಯಾರೇಜಿಗೆ ಬ್ಯಾಡ ಅಂತೀನಿ," ಎಂದು ಕೀಲಿಗೆ ಕೈ ಚಾಚಿದಳು.

ಐದರ ಬಸ್ಸಿಗೆ ಅವಳೇ ಬಿಡಲು ಬಂದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆ ಬೈಕಿನ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಬಸ್ ನಿಲ್ದಾಣದ ಹತ್ತಿರ ಕುರಿಹಿಂಡು ಅಡ್ಡ ಬಂತು. ಅವಳು ಬ್ರೇಕ್ ಒತ್ತಿದಾಗ ನನಗೆ ಅರಿವಿಲ್ಲದೆಯೇ ಅವಳ ಹೆಗಲನ್ನು ಗಟ್ಟಿಯಾಗಿ ಹಿಡಿದೆ. ಬೈಕು ನೆಟ್ಟಗೆ ನಿಂತಿತು.

"ಅಂಜಬ್ಯಾಡ ಅಣ್ಣ," ಎಂದಳು ಗಿರಿಜಾ, "ಹುಸೇನ್‌ಸಾಬ್ರು ಮಾಡಿದ್ದು."